ತಿಮ್ಮಾಜಮ್ಮನ ಅಭಿಪ್ರಾಯ

ನಮ್ಮ ಪಟ್ಟಣದ ಗಡಿಗೆ ಬೇಲಿಯಿಲ್ಲ, ಗೇಟಿಲ್ಲ. ದಾರಿಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ, ಅಷ್ಟೆ. ಆ ಕಲ್ಲಿನ ಒಳಗಡೆ ಸಾಕಿದ ಪ್ರಾಣಿ ಯಾವುದೂ ನಿಲ್ಲುವುದಿಲ್ಲ. ಹಸುವಾಗಲಿ, ಎಮ್ಮೆಯಾಗಲಿ, ಮೇಕೆ, ಕೋಳಿ, ನಾಯಿಯಾಗಲಿ, ಒಳಗೆ ತಂದು ಕಟ್ಟಿದರೆ ಹಗ್ಗ ಹರಿದುಕೊಂಡಾದರೂ ತಿರುಗಿ ಹೊರಡುತ್ತದೆ. ಸಿಟ್ಟು ಮಾಡುವುದಿಲ್ಲ, ಕೂಗುವುದಿಲ್ಲ. ಮರೆತ ಕೆಲಸ ನೆನಪಾದವರ ಹಾಗೆ ಎದ್ದು ನಡೆಯುತ್ತದೆ. ಪಟ್ಟಣದವರು ಇದಕ್ಕೆ ಒಗ್ಗಿ ಎಷ್ಟೋ ತಲೆಮಾರಾಗಿತ್ತು. ಗೃಹಪ್ರವೇಶಕ್ಕೆ ಮಣ್ಣಿನ ಹಸುವನ್ನು ಎತ್ತಿಕೊಂಡು ಹೊಸಿಲು ದಾಟಿಸುತ್ತಿದ್ದರು. ನಾಯಿಮರಿ ಬೇಕೆಂದು ಹಟ ಹಿಡಿದ ಮಕ್ಕಳನ್ನು ಭಾನುವಾರ ಕಲ್ಲಿನವರೆಗೆ ಕರೆತಂದು, ಬಿಸ್ಕತ್ತು ಹಾಕಿಸಿ, ವಾಪಸು ಕರೆದುಕೊಂಡು ಹೋಗುತ್ತಿದ್ದರು.

ನಾವು ಇದ್ದದ್ದು ಕಲ್ಲಿನ ಆಚೆ. ನಲವತ್ತೊಂದು ಮನೆ. ನಮ್ಮ ಬೀದಿಗೆ ಬೇರೆ ಹೆಸರೇ ಇರಲಿಲ್ಲ, ಕಲ್ಲಾಚೆ ಎಂದೇ ಕರೆಯುತ್ತಿದ್ದರು. ಅರ್ಧ ಜನ ಪಟ್ಟಣಕ್ಕೆ ಕೆಲಸಕ್ಕೆ ಹೋಗುವವರು, ಅರ್ಧ ಜನ ದನ, ಮೇಕೆ, ಸೊಪ್ಪಿನ ಮಡಿ ನೋಡಿಕೊಂಡಿದ್ದವರು. ಪಟ್ಟಣದ ನಲ್ಲಿ ಕಲ್ಲಿನವರೆಗೆ ಬಂದು ನಿಂತಿತ್ತು, ಬೀದಿದೀಪವೂ ಅಲ್ಲಿಗೇ ನಿಂತಿತ್ತು. ನೀರಿಗೆ ನಾವು ಹಳ್ಳದ ಬಾವಿಗೆ ಹೋಗಬೇಕಿತ್ತು.

ನಾನು ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಂದವರನ್ನು ಕೂರಿಸಿ, ಫ್ರೇಮು ತೊಡಿಸಿ, ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಎದುರಿನವರ ಮುಖಕ್ಕೂ ನನ್ನ ಸೆರಗಿಗೂ ಗೇಣು ದೂರವೂ ಇರುತ್ತಿರಲಿಲ್ಲ. ಒಂದು ದಿನ ಒಬ್ಬ ಹೆಂಗಸು ನಾನು ಬಗ್ಗಿದ ಕೂಡಲೇ ಉಸಿರು ಹಿಡಿದಳು. ನಾನು ಹಿಂದೆ ಸರಿಯುವವರೆಗೂ ಬಿಡಲಿಲ್ಲ. ಆಮೇಲೆ ನಗುತ್ತಾ, "ನಿಮ್ಮ ಮನೆ ಕಲ್ಲಾಚೆನಾ?" ಎಂದಳು. ಒರಟಾಗಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದು. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಸಣ್ಣ ಸೆಂಟಿನ ಬಾಟಲಿ ಇತ್ತು. ಮಾಲೀಕರಾದ ಶ್ರೀಪತಿ ರಾಯರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ವಾಸನೆ ಎಲ್ಲಿಂದ ಬರುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಗೂ ತಿಮ್ಮಾಜಮ್ಮನ ಕೊಟ್ಟಿಗೆಗೂ ಒಂದೇ ಗೋಡೆ. ಮೂರು ಎಮ್ಮೆ, ಗಂಜಲ, ಸಗಣಿ, ಹುಳಿ ಬಂದ ಬೂಸಾ. ಸೀರೆಯನ್ನು ಎಲ್ಲಿ ಒಣಹಾಕಿದರೂ ಸಂಜೆಯ ಹೊತ್ತಿಗೆ ಅದು ಕೊಟ್ಟಿಗೆಯಿಂದ ಎದ್ದು ಬಂದ ಹಾಗಿರುತ್ತಿತ್ತು. ಎರಡು ಸಲ ಒಗೆದೆ. ಪೆಟ್ಟಿಗೆಯಲ್ಲಿ ಕರ್ಪೂರ ಇಟ್ಟೆ. ಏನು ಮಾಡಿದರೂ ಹೋಗಲಿಲ್ಲ. ನಾನು ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು, ಅಲ್ಲಿಯವರೆಗೆ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲೇ ಇಲ್ಲ. ಆ ಹೆಂಗಸು ಉಸಿರು ಹಿಡಿದ ಮೇಲೆ ಬೇರೇನೂ ಬೀಳದಂತಾಯಿತು.

ತಿಮ್ಮಾಜಮ್ಮನಿಗೆ ಐವತ್ತೆಂಟೋ ಅರವತ್ತೋ ಆಗಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನಾನು ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆ, ಆಕೆ ನನ್ನನ್ನು ಮಗ ಎನ್ನುತ್ತಿದ್ದಳು. ನನಗೆ ಟೈಫಾಯಿಡ್ ಆಗಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದಾಗ, ನನ್ನ ಮಗಳು ಚಾರುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಲು ಕರೆದವಳು, ಕೂರಿಸಿಕೊಂಡೇ ಸಗಣಿ ಬಾಚಿದವಳು. ಇದನ್ನು ಈಗಲೇ ಹೇಳಿಬಿಡಬೇಕು. ಆಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ವರ್ಷ ಪುರಸಭೆಯವರು ನೋಟೀಸು ಅಂಟಿಸಿದರು. ಪಟ್ಟಣ ಬೆಳೆಯುತ್ತಿದೆ, ಕಲ್ಲನ್ನು ಹಳ್ಳದ ಮೋರಿಯ ಆಚೆಗೆ ಸರಿಸಬೇಕೆಂದಿದ್ದೇವೆ, ನಿವಾಸಿಗಳ ಅಭಿಪ್ರಾಯ ಪಡೆಯಲಾಗುವುದು, ಮನೆಗೊಂದು ಮತ, ಹೆಚ್ಚು ಮನೆಗಳು ಯಾವ ಕಡೆಯೋ ಆ ಕಡೆಗೆ ತೀರ್ಮಾನ. ಅಭಿಪ್ರಾಯ ಬರೆದುಕೊಳ್ಳಲು ಬೀದಿಯವರೇ ಒಬ್ಬರು ಬೇಕೆಂದರು. ಅಕ್ಷರ ದುಂಡಗಿದೆ, ಎಲ್ಲರ ಮನೆಗೂ ಹೋಗಿಬರುತ್ತಾಳೆ ಎಂದು ನನ್ನ ಹೆಸರು ಬಂತು. ನೀಲಿ ರಟ್ಟಿನ ಪುಸ್ತಕ ಕೊಟ್ಟರು. ಒಂದೊಂದು ಪುಟಕ್ಕೆ ಒಂದೊಂದು ಮನೆ. ಮೇಲೆ ಎಡಗಡೆ 'ಸಮ್ಮತಿ', ಬಲಗಡೆ 'ಅಸಮ್ಮತಿ', ಕೆಳಗೆ ಅವರು ಹೇಳಿದ್ದನ್ನು ಬರೆಯಲು ಜಾಗ, ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು.

ಎಂಟು ದಿನ ಮನೆಮನೆ ತಿರುಗಿದೆ. ಒಂದೊಂದು ಮನೆಯಲ್ಲೂ ಒಂದೊಂದು ಲೋಕ. ಮೇಕೆ ಸಾಕಿದ್ದ ಹನುಮಕ್ಕ, "ದೀಪ ಹಾಕ್ತಾರಂತೆ, ಆ ಬೆಳಕಲ್ಲಿ ನಾನು ನೋಡೋದಾದ್ರೂ ಏನ? ಖಾಲಿ ಗೂಟವ?" ಎಂದು ಕೇಳಿದಳು. ಅವಳ ಎದುರುಮನೆಯ ಹೊಸ ಸೊಸೆ, ಅತ್ತೆ ಹಿತ್ತಲಿಗೆ ಹೋಗುವುದನ್ನೇ ಕಾದು, "ಅಕ್ಕಾ, ಬೇಕು ಅಂತ ಹಾಕಿ. ಬಸುರಿ ಹೆಂಗ್ಸು ಬಾವಿಗೆ ಹೋಗಿ ನೋಡ್ಲಿ, ಆವಾಗ ಗೊತ್ತಾಯ್ತದೆ" ಎಂದಳು. ಅತ್ತೆ ಬಂದ ಮೇಲೆ ಇಬ್ಬರಿಗೂ ಜಗಳವಾಗಿ, ಕೊನೆಗೆ ಅತ್ತೆಯೇ ಸೋತು ಸಮ್ಮತಿ ಹಾಕಿಸಿದಳು. ಗಾರೆ ಕೆಲಸದವನೊಬ್ಬ, ಊರು ಬೆಳೆದರೆ ತನಗೆ ಕೆಲಸ ಸಿಗುತ್ತದೆ, ಆದರೆ ತನ್ನ ನಾಯಿ ಏನು ಪಾಪ ಮಾಡಿದೆ ಎಂದು ಅರ್ಧ ಗಂಟೆ ಯೋಚಿಸಿ, ನಾಯಿಯ ಪರವಾಗಿ ಅಸಮ್ಮತಿ ಹಾಕಿಸಿದ. ಕಂದಾಯ ಏರುತ್ತದೆ ಎಂದವರಿದ್ದರು. ಹೆಣ್ಣು ಕೊಡುವವರು ಕಲ್ಲಾಚೆ ಎಂದರೆ ಮುಖ ತಿರುಗಿಸುತ್ತಾರೆ ಎಂದವರೂ ಇದ್ದರು. ನನ್ನ ಗಂಡ, "ನಿಂಗೆ ಹೆಂಗೆ ಬೇಕೋ ಹಂಗೆ ಬರ್ಕೊ" ಎಂದು ಸಹಿ ಹಾಕಿ ಬಸ್ಸಿನ ಡ್ಯೂಟಿಗೆ ಹೋದರು. ಸಮ್ಮತಿ ಎಂದು ಗುರುತು ಹಾಕಿದೆ.

ಏಳನೆಯ ದಿನ ಲಕ್ಕಣ್ಣನ ಮನೆಗೆ ಹೋದೆ. ಲಕ್ಕಣ್ಣ ತಿಮ್ಮಾಜಮ್ಮನ ಮೈದುನ, ಗಂಡನ ಕೊನೆಯ ತಮ್ಮ. ಕಲ್ಲು ಸರಿಯಲೇಬೇಕು ಎಂದು ವರ್ಷದಿಂದ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನೇ ಅವನು. ಹಿಟ್ಟಿನ ಗಿರಣಿ ಹಾಕುವ ಆಸೆ ಅವನಿಗೆ. ಗಿರಣಿಯ ಮೋಟಾರಿಗೆ ಬೇಕಾದ ಕರೆಂಟು ಕಲ್ಲಿನ ಒಳಗೆ ಮಾತ್ರ ಸಿಗುತ್ತಿತ್ತು. ನಾನು ಕೇಳದೆಯೇ ಎಡಗಡೆ ಗುರುತು ಹಾಕಲು ಹೋದೆ.

"ತಾಳು ವನಜಮ್ಮ. ಬ್ಯಾಡ ಅಂತ ಹಾಕು," ಎಂದ.

"ಅಣ್ಣಾ, ವರ್ಷದಿಂದ ನೀವೇ ಅಲ್ವಾ..."

"ಹೂಂ, ಕೂಗ್ತಿದ್ದೆ. ಕೂಗೋವಾಗ ಅತ್ತಿಗೆ ನೆಪ್ಪಾಗ್ತಿರ್ಲಿಲ್ಲ. ಆ ಎಮ್ಮೆಗಳ ಬುಟ್ಟು ಅತ್ತಿಗೆ ಬದುಕಾಕಿಲ್ಲ. ಗಿರಣಿ ಇಲ್ದಿದ್ರೆ ನಾನೇನು ಸಾಯಾಕಿಲ್ಲ." ಸಹಿ ಹಾಕಿ ಪೆನ್ನು ಕೊಡುವಾಗ, "ಅತ್ತಿಗೆ ಮುಂದೆ ಹೇಳ್ಬೇಡ. ನನ್ನ ಹಂಗಲ್ಲಿ ಇದೀನಿ ಅಂತ ಬೇಜಾರು ಮಾಡ್ಕತಾರೆ," ಎಂದ.

ಹೀಗೆ ನಲವತ್ತು ಮನೆ ಮುಗಿದಾಗ ಇಪ್ಪತ್ತು ಸಮ್ಮತಿ, ಇಪ್ಪತ್ತು ಅಸಮ್ಮತಿ ಆಗಿತ್ತು. ಉಳಿದದ್ದು ಗೋಡೆಯಾಚೆಯ ತಿಮ್ಮಾಜಮ್ಮ ಒಬ್ಬಳೇ. ಬೇಕೆಂದೇ ಕೊನೆಗೆ ಉಳಿಸಿಕೊಂಡೆನೋ, ಹತ್ತಿರವಿದೆ ಯಾವಾಗಲಾದರೂ ಹೋದರಾಯಿತು ಎಂದುಕೊಂಡೆನೋ, ಇವತ್ತಿಗೂ ನನಗೆ ಖಚಿತವಿಲ್ಲ.

ಅವಳು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹಿಂಡಿ ನೆನೆಹಾಕುತ್ತಿದ್ದಳು. ಪುಸ್ತಕ ಬಿಚ್ಚಿ ಎದುರಿಗೆ ಕೂತೆ.

"ಬರ್ಕೊ ಮಗ. ನೀರು ಬೇಕು. ನಲ್ಲಿ ನೀರು ಬ್ಯಾಡ ಅನ್ನೋಕೆ ನಂಗೇನು ಹುಚ್ಚಾ? ಕೊಡ ಹೊತ್ತು ಹೊತ್ತು ಮಂಡಿ ಸವ್ದೋಗದೆ. ದೀಪಾನೂ ಬೇಕು. ಬರ್ಕೊಂಡಾ? ಆದ್ರೆ ಕಲ್ಲು ಬಂದ್ರೆ ಇವು ಹೊಂಟೋಯ್ತವಲ್ಲ, ಅದಕ್ಕೇನು ಮಾಡಾನ? ಇವ್ನ ಬುಟ್ರೆ ನಂಗೆ ಇನ್ನೊಂದು ಕೆಲ್ಸ ಬರಾಕಿಲ್ಲ. ಅದಕ್ಕೇ ಕಲ್ಲು ಬ್ಯಾಡ ಅಂತ ಹಾಕು. ನೀರು ಕೊಡೋ ಮನ್ಸಿದ್ರೆ ಹಂಗೇ ಕೊಡ್ಲಿ."

'ನೀರು ಬೇಕು, ದೀಪ ಬೇಕು ಎಂದು ಹೇಳಿರುತ್ತಾರೆ' ಎಂದು ಬರೆದು ಮುಗಿಸಿದ್ದೆ. ಮುಂದಿನ ಸಾಲು ಶುರುಮಾಡುವ ಮೊದಲೇ ಆಕೆ ಹಿಂಡಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆರಳು ಚಾಚಿದಳು. ಶಾಯಿ ಹಚ್ಚಿ ಒತ್ತಿಸಿಕೊಂಡೆ. ಒಳಗೆ ಎಮ್ಮೆಯೊಂದು ಬಾನಿ ಉರುಳಿಸಿತು. "ನೀನು ಬರ್ಕೊತಾ ಇರು," ಎಂದು ಎದ್ದು ಹೋದಳು.

ಎರಡು ಮಾತು ಬರೆಯಲು ಎಷ್ಟು ಹೊತ್ತು ಬೇಕು? ಪೆನ್ನು ಕೈಯಲ್ಲೇ ಇತ್ತು. ಸೆರಗಿನಿಂದ ಅದೇ ವಾಸನೆ ಬರುತ್ತಿತ್ತು. ನಾನು ಎಡಗಡೆ, 'ಸಮ್ಮತಿ'ಗೆ ಗುರುತು ಹಾಕಿ ಪುಸ್ತಕ ಮುಚ್ಚಿದೆ. ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ಆಕೆ ಹೇಳಿದ್ದನ್ನೇ ಬರೆದಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಒಳಗಿನಿಂದಲೇ, "ಆಯ್ತಾ ಮಗ? ಮಜ್ಜಿಗೆ ಕುಡ್ಕಂಡು ಹೋಗು," ಎಂದಳು. ಕುಡಿದೇ ಬಂದೆ.

ಪುರಸಭೆಯವರು ಪುಸ್ತಕ ತೆಗೆದುಕೊಂಡು ಹೋಗಿ, ಲೆಕ್ಕವನ್ನಷ್ಟೇ ಓದಿ ಹೇಳಿದರು. ಇಪ್ಪತ್ತೊಂದು, ಇಪ್ಪತ್ತು. ಯಾರದು ಯಾವ ಕಡೆ ಎಂದು ಹೇಳುವ ಪದ್ಧತಿ ಇರಲಿಲ್ಲ.

ಹದಿನೈದು ದಿನಕ್ಕೆ ಆಳುಗಳು ಕಲ್ಲನ್ನು ಕಿತ್ತು ತಳ್ಳುಗಾಡಿಯಲ್ಲಿಟ್ಟು ನಮ್ಮ ಬೀದಿಯ ಮೇಲೆಯೇ ತಳ್ಳಿಕೊಂಡು ಹೋದರು. ಬೆಳಗ್ಗೆ ಹತ್ತು ಗಂಟೆ ಇರಬಹುದು. ಮೋರಿಯ ಆಚೆ ಗುಂಡಿ ತೋಡಿ, ನಿಲ್ಲಿಸಿ, ಮಣ್ಣು ತುಳಿಯತೊಡಗಿದರು. ಅವರು ತುಳಿದು ಮುಗಿಸುವ ಮೊದಲೇ ಕೋಳಿಗಳು ಹೊರಟವು. ಆಮೇಲೆ ಹನುಮಕ್ಕನ ಮೇಕೆಗಳು. ನಾಯಿಗಳು ಮಾತ್ರ ನಿಂತು ನಿಂತು ಹಿಂದಕ್ಕೆ ನೋಡಿದವು, ಆದರೆ ಅವೂ ಹೋದವು. ನಾವೆಲ್ಲ ಜಗಲಿಯ ಮೇಲೆ ನಿಂತು ನೋಡುತ್ತಿದ್ದೆವು. ನೀರು ಬೇಕು ಎಂದಿದ್ದ ಆ ಬಸುರಿ ಸೊಸೆ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು.

ತಿಮ್ಮಾಜಮ್ಮ ಕೊಟ್ಟಿಗೆಯ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಒಳಗಿನಿಂದ ಎಮ್ಮೆಗಳು ಬಾಗಿಲನ್ನು ಮೆಲ್ಲಗೆ ತಳ್ಳುತ್ತಿದ್ದವು. ಪ್ರತಿ ಸಲ ತಳ್ಳಿದಾಗಲೂ ಆಕೆಯ ಮೈ ಒಂದಿಷ್ಟು ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದ್ದು ತಾನೇ ಬಾಗಿಲು ತೆಗೆದಳು. "ಬನ್ರವ್ವ," ಎಂದು ಮುಂದೆ ನಡೆದಳು. ಹೊಟ್ಟೆ ಇಳಿಬಿದ್ದಿದ್ದ ಗಬ್ಬದ ಎಮ್ಮೆ ಮುದ್ದಿ ಎಲ್ಲಕ್ಕಿಂತ ಹಿಂದೆ ಹೋಯಿತು.

ಮೋರಿಯ ಆಚೆಯ ಬೀಳಿನಲ್ಲಿ ತಗಡು, ಬಿದಿರಿನ ಗಳ ಹಾಕಿ ಗುಡಿಸಲು ಮಾಡಿಕೊಂಡು ಆಕೆ ಅಲ್ಲೇ ಉಳಿದಳು. ಮೂರನೆಯ ದಿನ ಪಾತ್ರೆ ಪಗಡ ಒಯ್ಯಲು ಬಂದಾಗ ಲಕ್ಕಣ್ಣ ಎದುರಾದ.

"ಹಾಕಪ್ಪ ಗಿರಣಿಯ. ಚೆನ್ನಾಗಿ ಬೀಸು," ಎಂದಳು.

"ಅತ್ತಿಗೆ, ನಾನು ಬ್ಯಾಡ ಅಂತಾನೇ ಹಾಕ್ಸಿದ್ದು."

"ವರ್ಸದಿಂದ ಬೀದಿ ತುಂಬ ಕೂಗ್ದೋನು ನೀನು. ಒಂದೇ ಒಂದು ಮನೇಲಿ ಹೋಯ್ತಲ್ಲ ನನ್ನ ಬಾಳು! ಆ ಒಂದು ಮನೆ ನಿಂದೇ."

ಅವನು ನನ್ನ ಕಡೆ ನೋಡಿದ. ನಾನು ಬಾಗಿಲಲ್ಲಿ ಮಗಳ ತಲೆ ಬಾಚುತ್ತಿದ್ದೆ. ಬೈತಲೆ ತೆಗೆದದ್ದನ್ನೇ ಅಳಿಸಿ ಮತ್ತೆ ತೆಗೆದೆ.

ಸಂಜೆ ಅವನು ಮನೆಗೇ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. "ವನಜಮ್ಮ, ಬರ್ಕೊಂಡೋಳು ನೀನು. ಬಂದು ಒಂದು ಮಾತು ಹೇಳವ್ವ ಸಾಕು. ನಾನು ಹೇಳಿದ್ರೆ ನಂಬಾಕಿಲ್ಲ ಅತ್ತಿಗೆ," ಎಂದ.

"ಪುಸ್ತಕದಲ್ಲಿ ಇರೋದನ್ನ ಹೊರಗೆ ಹೇಳೋ ಹಾಗಿಲ್ಲ ಅಣ್ಣ. ಕಾನೂನು," ಎಂದೆ. ಇನ್ನಷ್ಟು ಒತ್ತಾಯ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು "ಹಂಗಾ" ಎಂದು ತಲೆಯಾಡಿಸಿ ಹೋದ. ನನ್ನ ಮಾತನ್ನು ನಂಬಿಯೇ ಹೋದ.

ನಲ್ಲಿ ಬಂತು, ದೀಪ ಬಂತು. ಜನ ಒಗ್ಗಿಕೊಂಡರು. ಹನುಮಕ್ಕ ನಾಲ್ಕು ಮೇಕೆ ಮಾರಿ ಐದನ್ನು ಮೋರಿಯ ಆಚೆ ಬೇರೆಯವರ ಹಟ್ಟಿಯಲ್ಲಿ ಬಿಟ್ಟಳು. ಗಾರೆ ಕೆಲಸದವನು ದಿನವೂ ಸಾಯಂಕಾಲ ಹೊಸ ಕಲ್ಲಿನ ಹತ್ತಿರ ಹೋಗುತ್ತಿದ್ದ. ಅವನ ನಾಯಿ ಆಚೆ ಕಾದು ಕೂತಿರುತ್ತಿತ್ತು. ಇಬ್ಬರೂ ಒಂದಷ್ಟು ಹೊತ್ತು ಜೊತೆಗಿದ್ದು ಅವರವರ ದಾರಿ ಹಿಡಿಯುತ್ತಿದ್ದರು. ತಿಮ್ಮಾಜಮ್ಮ ಬೆಳಗ್ಗೆ ಹಾಲಿನ ಕ್ಯಾನು ಹೊತ್ತು ಬೀದಿಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಅಳತೆ ಮುಗಿದ ಮೇಲೂ, "ಇದು ನಮ್ ಚಾರೂಗೆ," ಎಂದು ಇನ್ನಷ್ಟು ಹುಯ್ಯುತ್ತಿದ್ದಳು. ಲಕ್ಕಣ್ಣನ ಬಾಗಿಲನ್ನು ಮಾತ್ರ ಆ ಕಡೆ ತಿರುಗಿಯೂ ನೋಡದೆ ದಾಟಿ ಹೋಗುತ್ತಿದ್ದಳು.

ಅಂಗಡಿಯಲ್ಲಿ ಈಗ ಯಾರೂ ಉಸಿರು ಹಿಡಿಯುತ್ತಿರಲಿಲ್ಲ. ಶ್ರೀಪತಿ ರಾಯರು ಸೆಂಟಿನ ಬಾಟಲಿಯನ್ನು ತೆಗೆದು ಡ್ರಾಯರಿನಲ್ಲಿ ಹಾಕಿಕೊಂಡರು. ಆವತ್ತು ಮನೆಗೆ ಬಂದು ಸೀರೆ ಮೂಸಿ ನೋಡಿದೆ. ಬರೀ ಸೋಪಿನ ವಾಸನೆ. ಸಂತೋಷವಾಗುತ್ತದೆ ಎಂದು ಕಾದೆ. ಆಗಲಿಲ್ಲ.

ಇದಾಗಿ ಎರಡೋ ಮೂರೋ ತಿಂಗಳಿಗೆ, ಒಂದು ಭಾನುವಾರ ಬೆಳಗ್ಗೆ, ಮುದ್ದಿ ಈಯಲಾರದೆ ಒದ್ದಾಡುತ್ತಿದೆ ಎಂದು ಹನುಮಕ್ಕ ಬೀದಿಯಲ್ಲಿ ಕೂಗಿಕೊಂಡು ಬಂದಳು. ಕರು ಅಡ್ಡ ತಿರುಗಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಕಡೆಗೆಲ್ಲ ಲಕ್ಕಣ್ಣನದೇ ಕೈ. ಒಳಗೆ ಕೈ ಹಾಕಿ ಕರುವನ್ನು ತಿರುಗಿಸಿ ಎಳೆಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವನು ಬರಿಗಾಲಲ್ಲಿ ಓಡಿದ. ನಾವು ಏಳೆಂಟು ಜನ ಹಿಂದೆಯೇ ಹೋದೆವು.

ತಿಮ್ಮಾಜಮ್ಮ ಗಳ ಹಿಡಿದು ಅಡ್ಡ ನಿಂತಳು. "ನೀನು ಮುಟ್ಬೇಡ. ನಿನ್ನ ಕೈ ನನ್ನ ಎಮ್ಮೆ ಮೇಲೆ ಬೀಳ್ಬಾರ್ದು."

"ಅತ್ತಿಗೆ, ಆಮೇಲೆ ಹೊಡಿಯುವಂತೆ. ಈಗ ಬುಡು. ಹೊತ್ತಿಲ್ಲ."

"ಡಾಕ್ಟ್ರಿಗೆ ಹೇಳಿಕಳ್ಸಿವ್ನಿ. ನೀನು ಹೋಗು."

ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಅವನು ಬೇಡ ಅಂದಿದ್ದ, ಮಾಡಿದ್ದು ನಾನು. ಹೇಳಬೇಕಾಗಿದ್ದದ್ದು ಇಷ್ಟೇ. ನಾಲಿಗೆಯ ತುದಿಯವರೆಗೆ ಬಂದಿತ್ತು. ಸುತ್ತ ಬೀದಿಯವರಿದ್ದರು, ನನ್ನ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಇನ್ನೊಂದು ನಿಮಿಷ, ಡಾಕ್ಟರು ಬಂದುಬಿಡಬಹುದು ಎಂದುಕೊಂಡೆ. ಆ ಒಂದು ನಿಮಿಷವನ್ನು ಮತ್ತೆ ಮತ್ತೆ ಅಂದುಕೊಂಡೆ. ಲಕ್ಕಣ್ಣ ಹೋಗಿ ಮೋರಿಯ ಕಟ್ಟೆಯ ಮೇಲೆ ತಲೆ ಹಿಡಿದು ಕೂತ. ಡಾಕ್ಟರು ಬಂದಾಗ ಮಧ್ಯಾಹ್ನವಾಗಿತ್ತು. ಎಮ್ಮೆ ಉಳಿಯಿತು. ಕರು ಸತ್ತೇ ಹೊರಗೆ ಬಂತು. ಹೆಣ್ಣುಗರು.

ಜನವೆಲ್ಲ ಹೋದರು. ಮಗಳನ್ನು ಹನುಮಕ್ಕನ ಜೊತೆ ಕಳಿಸಿ ನಾನು ಉಳಿದೆ. ತಿಮ್ಮಾಜಮ್ಮ ಚಿಂದಿ ಅದ್ದಿ ಮುದ್ದಿಯ ಮೈ ಒರೆಸುತ್ತಿದ್ದಳು. ಕರು ಸತ್ತ ಮೇಲೆ ನನಗೆ ಬಾಯಿ ಬಂತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಲಕ್ಕಣ್ಣ ಏನು ಹೇಳಿದ್ದ, ಆಕೆ ಏನು ಹೇಳಿದ್ದಳು, ನಾನು ಎಷ್ಟನ್ನು ಬರೆದೆ, ಗುರುತು ಯಾವ ಕಡೆ ಹಾಕಿದೆ.

ಆಕೆಯ ಕೈ ನಿಂತಿತು. "ಹಂಗಾರೆ ನಾನು ಬ್ಯಾಡ ಅಂದಿದ್ದು ದಿಟ," ಎಂದಳು. "ನಂಗೇ ಅನ್ಮಾನ ಬಂದಿತ್ತು ಕಣ. ನೀರು ನೀರು ಅಂದು ನಾನೇ ಏನಾರ ತಪ್ಪು ಹೇಳ್ಬುಟ್ನಾ ಅಂತ. ಎಷ್ಟು ದಿಸ ನಿದ್ದೆ ಇಲ್ಲ ನಂಗೆ."

ಆಕೆ ಚಿಂದಿಯನ್ನು ಹಿಂಡಿ ಪಕ್ಕಕ್ಕಿಟ್ಟಳು.

"ಯಾಕೆ ಹಂಗೆ ಮಾಡ್ದೆ?"

ಬೇರೆ ಏನಾದರೂ ಹೇಳಬಹುದಿತ್ತು. ನೀರಿಗಾಗಿ, ಮಗಳ ಸ್ಕೂಲಿಗಾಗಿ, ಬಸುರಿ ಸೊಸೆಗಾಗಿ. "ವಾಸನೆ," ಎಂದೆ. "ಅಂಗಡಿಲಿ... ನನ್ನ ಸೀರೆ ವಾಸನೆ ಬರುತ್ತೆ ಅಂತ."

ಆಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದಳು. ಬೈಯುತ್ತಾಳೆ ಎಂದು ಕಾದೆ. "ಲಕ್ಕನ್ನ ಕರಿ," ಎಂದಳು. ಮೋರಿಯವರೆಗೆ ಹೋಗಿ ಕರೆದೆ. ಅವನು ಬಂದು ನಿಂತ. ಅವನ ಮುಂದೆ ಇನ್ನೊಂದು ಸಲ ಹೇಳಿಸಿದಳು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು. ಆಮೇಲೆ ಆಕೆ, "ಲಕ್ಕ, ಒಲೆ ಮೇಲೆ ಬಿಸಿನೀರು ಅದೆ, ತತ್ತಾ," ಎಂದಳು. ಅವನು ತಂದ. ಇಬ್ಬರೂ ಎಮ್ಮೆಯ ಎರಡು ಕಡೆ ಕೂತು ತೊಳೆಯತೊಡಗಿದರು. ಅಲ್ಲಿ ನನಗೆ ಮಾಡಲು ಕೆಲಸವೇನೂ ಇರಲಿಲ್ಲ.

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ ಪುರಸಭೆಗೆ ಹೋದೆ. ಅಧಿಕಾರಿ ಪುಸ್ತಕ ತರಿಸಿ ಆ ಪುಟ ತೆಗೆದರು. "ಹೆಬ್ಬೆಟ್ಟು ಇದೆಯಲ್ಲಮ್ಮ," ಎಂದರು. ನಾನು ಹೇಳಿದ್ದನ್ನೇ ಮತ್ತೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು. "ಕಲ್ಲು ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಬರಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದರು.

ಸಂಜೆ ನಲ್ಲಿಯ ಹತ್ತಿರ ಎಲ್ಲರೂ ಸೇರಿದ್ದಾಗ ಬೀದಿಯವರಿಗೂ ಹೇಳಿದೆ. ಕೂದಲು ಹಿಡಿದು ಎಳೆದಾಡಿದರೂ ಸರಿ ಎಂದು ಸಿದ್ಧಳಾಗಿ ಹೋಗಿದ್ದೆ. ಕೊಡಗಳು ತುಂಬಿ ಹರಿದವು, ಯಾರೂ ನಲ್ಲಿ ನಿಲ್ಲಿಸಲಿಲ್ಲ. ಕೊನೆಗೆ ಗಾರೆ ಕೆಲಸದವನ ಹೆಂಡತಿ, ಅಸಮ್ಮತಿ ಹಾಕಿಸಿದ್ದ ಮನೆಯವಳು, ನನ್ನ ಹತ್ತಿರ ಬಂದು, "ಸುಮ್ನಿರು ವನಜಾ. ಇದನ್ನ ಕೆದಕಿ, ಅವ್ರು ನಲ್ಲಿ ಕಿತ್ಕೊಂಡು ಹೋದ್ರೆ?" ಎಂದಳು. ಇನ್ನೊಬ್ಬಳು, ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ ಎಂದು ಬೆನ್ನು ಸವರಿದಳು. ಹೊಡೆದಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲ. ಹನುಮಕ್ಕ ಮಾತ್ರ ಅರ್ಧ ತುಂಬಿದ್ದ ಕೊಡವನ್ನು ಎತ್ತಿಕೊಂಡು ಹೊರಟುಹೋದಳು.

ಲಕ್ಕಣ್ಣ ಗಿರಣಿ ಹಾಕಿದ. ಹಾಕದೆ ಇರಲು ಈಗ ಕಾರಣವೂ ಉಳಿದಿರಲಿಲ್ಲ. ಬೆಳಗ್ಗೆ ಗಿರಣಿ ತೆರೆಯುವ ಮೊದಲು ಮೋರಿಯಾಚೆಗೆ ಹೋಗಿ ಸಗಣಿ ಬಾಚಿ, ಹುಲ್ಲು ಹಾಕಿ ಬರುತ್ತಾನೆ. ಪುರಸಭೆಯವರು ಆ ಬೀಳಿನಲ್ಲೂ ಟೇಪು ಹಿಡಿದು ಅಳೆದು ಹೋಗಿದ್ದಾರೆ ಎಂದು ಕೇಳಿದೆ. ಅಲ್ಲಿ ಅಭಿಪ್ರಾಯ ಬರೆದುಕೊಳ್ಳಲು ಮತ್ತೆ ನನ್ನನ್ನೇ ಕರೆದಿದ್ದರು. ಆಗುವುದಿಲ್ಲ ಎಂದೆ. ಬೇರೆ ಯಾರೋ ಸಿಗುತ್ತಾರೆ.

ನಲ್ಲಿಯ ಹತ್ತಿರ ಹೇಳಿದ ದಿನ ತಿಮ್ಮಾಜಮ್ಮ ಹಾಲಿಗೆ ಬಂದಿರಲಿಲ್ಲ, ಇನ್ನು ನಮ್ಮ ಮನೆಗೆ ಹಾಲು ಹಾಕುವುದಿಲ್ಲ ಎಂದುಕೊಂಡಿದ್ದೆ. ಮಾರನೆಯ ಬೆಳಗ್ಗೆ ಯಾವಾಗಿನ ಹೊತ್ತಿಗೇ ಬಾಗಿಲು ಬಡಿದಳು. ಕ್ಯಾನು ಕೆಳಗಿಟ್ಟು ಅಳತೆಯ ಲೋಟ ತೆಗೆದಳು.

"ಎಷ್ಟು ಹಾಕ್ಲಿ ಅಮ್ಮಾವ್ರೆ?"

ಯಾರನ್ನು ಕೇಳುತ್ತಿದ್ದಾಳೆ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ದೊಡ್ಡವ್ವ, ನನ್ನನ್ನ ಬೈದುಬಿಡು. ಬಾಯಿಗೆ ಬಂದ ಹಾಗೆ ಬೈ," ಎಂದೆ.

"ಟೌನಿನೋರ್ನ ನಾನ್ಯಾಕೆ ಬೈಲಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಚೆಯವನಿಗೋ ಡಾಕ್ಟರಿಗೋ ಕೊಡುವ ಮರ್ಯಾದೆ ಇತ್ತು. "ಹೊತ್ತಾಯ್ತು ನಂಗೆ. ಪಾತ್ರೆ ಹಿಡ್ಕೊಳಿ."

ಹಿಡಿದುಕೊಂಡೆ.